ಸ್ತನದ ಗಂಟು ಮತ್ತು ರಾಮನ್ ಬೆಳಕು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುವ ಮಕ್ಕಳಿಗೆ ರಾಮನ್ ಪರಿಣಾಮ ಹೊಸದೇನಲ್ಲ. 1928ರಲ್ಲಿ ಕಲ್ಕತ್ತೆಯಲ್ಲಿ ಕಂಡದ್ದು, 1930ರಲ್ಲಿ ನೊಬೆಲ್, 1933ರಲ್ಲಿ ರಾಮನ್ ಬೆಂಗಳೂರಿಗೆ ಬಂದದ್ದು, ಇಷ್ಟು ಎಲ್ಲರಿಗೂ ಬಾಯಿಪಾಠ. ಅದೇ ಪರಿಣಾಮವನ್ನು ಸ್ತನ ಕ್ಯಾನ್ಸರ್ ಗುರುತಿಸಲು ಬಳಸುವ ಸಂಶೋಧನೆ ನಮ್ಮ ಮಣಿಪಾಲದಲ್ಲೇ ನಡೆದಿದೆ. ಅದನ್ನು ನಿಧಾನವಾಗಿ ಅರ್ಥ ಮಾಡಿಕೊಳ್ಳೋಣ.

ಲೇಸರ್ ಅಂದ ಕೂಡಲೇ ಸುಡುವುದು, ಕೊರೆಯುವುದು ನೆನಪಾಗುತ್ತದೆ. ಇಲ್ಲಿ ಸುಡುವ ಮಾತೇ ಇಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ, ಸದ್ದು ಕೇಳಿಯೇ ಬಿರುಕು ಪತ್ತೆ ಹಚ್ಚುತ್ತಾರಲ್ಲ, ಹಾಗೆ ಲೇಸರ್ ಬೆಳಕು ಅಂಗಾಂಶದ ಅಣುಗಳನ್ನು ತಟ್ಟುತ್ತದೆ. ಚದುರಿದ ಬೆಳಕಿನ ಬಹುಪಾಲು ಅದೇ ಬಣ್ಣದಲ್ಲಿ ಹಿಂದಿರುಗುತ್ತದೆ. ಸುಮಾರು ಕೋಟಿಗೊಂದು ಬೆಳಕಿನ ಕಣ ಮಾತ್ರ ಅಣುವಿನ ಕಂಪನಕ್ಕೆ ಶಕ್ತಿ ಕೊಟ್ಟು, ಬಣ್ಣ ಬದಲಿಸಿಕೊಂಡು ಬರುತ್ತದೆ. ಇದೇ ರಾಮನ್ ಪರಿಣಾಮ. ಕೊಬ್ಬಿನ ಅಣು ಬದಲಿಸುವುದು ಒಂದು ರೀತಿ, ಪ್ರೋಟೀನಿನದು ಇನ್ನೊಂದು ರೀತಿ. ಇಷ್ಟು ಕ್ಷೀಣವಾದ ಬೆಳಕನ್ನು ಹಿಡಿಯಬೇಕಾದ್ದರಿಂದಲೇ ಒಂದೇ ಬಣ್ಣದ, ಪ್ರಖರವಾದ ಲೇಸರ್ ಬೇಕು. ಕಣ್ಣಿಗೆ ಕಾಣುವ ಬೆಳಕನ್ನು ಹಾಯಿಸಿದರೆ ಅಂಗಾಂಶವೇ ಹೊಳೆದು ರಾಮನ್ ಬೆಳಕನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಸಾಮಾನ್ಯವಾಗಿ 785 ನ್ಯಾನೋಮೀಟರಿನ ಅವಕೆಂಪು ಲೇಸರ್ ಬಳಸುತ್ತಾರೆ.

2006ರಲ್ಲಿ ಸಿ. ಮುರಳಿ ಕೃಷ್ಣ ಮತ್ತು ಅವರ ಮಣಿಪಾಲದ ಸಂಗಡಿಗರು 'ಬಯೋಪಾಲಿಮರ್ಸ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಆರೋಗ್ಯವಂತ ಸ್ತನದ ಅಂಗಾಂಶ, ಅಪಾಯವಿಲ್ಲದ ಗಂಟು, ಕ್ಯಾನ್ಸರ್ ಗಂಟು, ಈ ಮೂರನ್ನೂ ರಾಮನ್ ರೋಹಿತದಿಂದ ಬೇರ್ಪಡಿಸುವುದೇ ಅದರ ವಿಷಯ. ರೋಹಿತವೆಂದರೆ ಬೆಳಕಿನ ಬಣ್ಣ ಎಷ್ಟೆಷ್ಟು ಬದಲಾಯಿತು ಎಂದು ತೋರಿಸುವ, ಏರಿಳಿಯುವ ಒಂದು ಗೆರೆ. ಆರೋಗ್ಯವಂತ ಸ್ತನದಲ್ಲಿ ಕೊಬ್ಬು ಹೆಚ್ಚು. ಹಾಗಾಗಿ ಆ ಬದಲಾವಣೆಯ ಅಳತೆಯಲ್ಲಿ 1440 cm⁻¹ ಆಸುಪಾಸಿನಲ್ಲಿ ಕೊಬ್ಬಿನ ಶಿಖರ ಎದ್ದು ನಿಲ್ಲುತ್ತದೆ. ಗಂಟಿನಲ್ಲಿ ಜೀವಕೋಶಗಳು ಒತ್ತೊತ್ತಾಗಿ ಬೆಳೆದು ಕೊಬ್ಬಿನ ಗುರುತು ಇಳಿಯುತ್ತದೆ, ಪ್ರೋಟೀನಿನ ಗುರುತು ಏರುತ್ತದೆ. ಅಪಾಯವಿಲ್ಲದ ಗಂಟಿಗೂ ಕ್ಯಾನ್ಸರಿಗೂ ಇರುವ ಅಂತರ ಇದಕ್ಕಿಂತ ಸೂಕ್ಷ್ಮ. ಒಬ್ಬರ ದೇಹದಂತೆ ಇನ್ನೊಬ್ಬರದಿಲ್ಲವಾದ್ದರಿಂದ ಒಂದೇ ಶಿಖರ ನೋಡಿ ತೀರ್ಮಾನಿಸಲಾಗದು. ಇಡೀ ಗೆರೆಯನ್ನೇ ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಒಡ್ಡಬೇಕು. ಈ ಪ್ರಬಂಧದ ನಿಜವಾದ ದುಡಿಮೆ ಇರುವುದು ಅಲ್ಲಿ ಎಂದು ನನಗನ್ನಿಸುತ್ತದೆ.

ಅಮೆರಿಕದ ಎಂಐಟಿಯಲ್ಲಿ ಅಬಿಗೇಲ್ ಹಾಕಾ ಮತ್ತು ಮೈಕೆಲ್ ಫೆಲ್ಡ್ ತಂಡ 2002ರಲ್ಲೇ ಇನ್ನೊಂದು ದಾರಿ ಹಿಡಿದಿತ್ತು. ಮ್ಯಾಮೊಗ್ರಾಮಿನಲ್ಲಿ, ಅಂದರೆ ಸ್ತನದ ಎಕ್ಸ್-ರೇಯಲ್ಲಿ, ಬಿಳಿ ಚುಕ್ಕೆಗಳಾಗಿ ಕಾಣುವ ಸುಣ್ಣದ ಕಣಗಳ ರಸಾಯನವನ್ನೇ ರಾಮನ್ ಬೆಳಕಿನಿಂದ ಓದಿ, ಯಾವುದು ಕ್ಯಾನ್ಸರಿನದು ಎಂದು ಗುರುತಿಸುವ ಪ್ರಯತ್ನ ಅದು.

ತೊಡಕು ಇರುವುದು ಆಳದಲ್ಲಿ. ಹೊರಗಿನಿಂದ ಲೇಸರ್ ಬಿಟ್ಟರೆ ಮರಳಿ ಬರುವ ಸುದ್ದಿ ಹೆಚ್ಚಾಗಿ ಚರ್ಮದ ಸಮೀಪದ್ದು. ಬೆಳಕು ಬಿಟ್ಟ ಜಾಗದಿಂದ ಸ್ವಲ್ಪ ಸರಿದು ಅಳೆದರೆ ಒಳಗಿನ ಪದರದ ಗುರುತು ಸಿಗುತ್ತದೆ ಎಂದು ಬ್ರಿಟನ್ನಿನ ಪಾವೆಲ್ ಮಟೌಸೆಕ್ ತಂಡ 2005ರಲ್ಲಿ ತೋರಿಸಿತು. ಆದರೂ ರಾಮನ್ ಬೆಳಕಿನ ಈ ವಿಧಾನ ಆಸ್ಪತ್ರೆಗಳ ದಿನನಿತ್ಯದ ಪರೀಕ್ಷೆಯಾಗಿಲ್ಲ. ಸ್ತನದಲ್ಲಿ ಗಂಟು ಕೈಗೆ ಸಿಕ್ಕಿದರೆ ಇವತ್ತಿಗೂ ಮಾಡಿಸಬೇಕಾದ್ದು ಸ್ಕ್ಯಾನಿಂಗ್, ಸೂಜಿ ಪರೀಕ್ಷೆ ಅಥವಾ ಬಯಾಪ್ಸಿ. ನೋವಿಲ್ಲವಲ್ಲ ಎಂದು ತಾಯಂದಿರು ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಕ್ಯಾನ್ಸರ್ ಗಂಟು ಮೊದಮೊದಲು ನೋಯದೇ ಇರುವುದೇ ಹೆಚ್ಚು. ಮನೆಯಲ್ಲಿ ಅಮ್ಮ, ಅತ್ತೆ, ಅಕ್ಕ ಯಾರೇ ಆಗಲಿ ಗಂಟಿದೆ, ಆದರೆ ನೋವಿಲ್ಲ ಎಂದು ಹೇಳಿದರೆ ಮರುದಿನವೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.