ಯಾರು ಮೊದಲು, ಕೋಡ್ ಎಲ್ಲಿಂದ? ಜಾವಾ ಸರ್ವರ್ ಶುರುವಾಗುವ ಬಗೆ

ಮಿನಿ ಪ್ರಾಜೆಕ್ಟ್‌ಗೆ ಅಂತ ಜಾವಾದಲ್ಲಿ ಒಂದು ಸರ್ವರ್ ಬರೆಯೋದು ನಮಗೆಲ್ಲ ಈಗ ಮಾಮೂಲಿ. ಕನ್ಸೋಲ್‌ನಲ್ಲಿ "ಸ್ಟಾರ್ಟೆಡ್" ಅಂತ ಒಂದು ಸಾಲು ಕಂಡರೆ ಸಾಕು, ಕೆಲಸ ಮುಗೀತು ಅಂದ್ಕೊಳ್ತೀವಿ. ಆದರೆ ಆ ಸಾಲಿನ ಹಿಂದೆ ಎರಡು ಪ್ರಶ್ನೆಗಳಿವೆ. ಒಳಗಿರುವ ಸರ್ವಿಸ್‌ಗಳಲ್ಲಿ ಯಾವುದು ಮೊದಲು ಶುರುವಾಗಬೇಕು? ಆ ಸರ್ವಿಸ್‌ಗಳ ಕ್ಲಾಸ್ ಫೈಲ್‌ಗಳು ಎಲ್ಲಿಂದ ಬರಬೇಕು? ಪುಸ್ತಕಗಳಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯಗಳು. ನಿಜವಾದ ಸರ್ವರ್‌ನಲ್ಲಿ ಮಾತ್ರ ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ: "ನಾನು ಕೆಲಸ ಶುರು ಮಾಡೋ ಮೊದಲು ಏನೇನು ಇರಬೇಕು, ಅದನ್ನು ನಾನು ಬರೆದು ಹೇಳಿದ್ದೀನಾ?" ಈ ಲೇಖನದಲ್ಲಿ ನಾವು ಇದನ್ನೇ ಹಂತ ಹಂತವಾಗಿ ನೋಡೋಣ.

ನಂಬರ್ ಕೊಟ್ಟರೆ ಸಾಲದು

ಕ್ರಮ ಹೇಳೋಕೆ ಎಲ್ಲರಿಗೂ ಮೊದಲು ಹೊಳೆಯುವ ದಾರಿ ನಂಬರ್ ಹಚ್ಚೋದು. ಸರ್ವ್ಲೆಟ್‌ಗಳಲ್ಲಿ ಲೋಡ್-ಆನ್-ಸ್ಟಾರ್ಟಪ್ ಅನ್ನೋ ಸೆಟ್ಟಿಂಗ್ ಇದೆ. ಚಿಕ್ಕ ನಂಬರ್ ಇರುವ ಸರ್ವ್ಲೆಟ್ ಮೊದಲು ಲೋಡ್ ಆಗುತ್ತೆ. ನಂಬರ್ ಕೊಡದಿದ್ದರೆ ಅಥವಾ ಮೈನಸ್ ನಂಬರ್ ಕೊಟ್ಟರೆ, ಯಾವಾಗ ಲೋಡ್ ಮಾಡಬೇಕು ಅನ್ನೋದು ಕಂಟೇನರ್‌ನ ಇಷ್ಟ.

ಎರಡು ಮೂರು ಸರ್ವ್ಲೆಟ್ ಇರುವಾಗ ಇದು ಸಾಕು. ತೊಂದರೆ ಏನಪ್ಪಾ ಅಂದ್ರೆ, ನಂಬರ್ "ಯಾವಾಗ" ಅನ್ನೋದನ್ನು ಮಾತ್ರ ಹೇಳುತ್ತೆ, "ಯಾಕೆ" ಅನ್ನೋದನ್ನು ಹೇಳಲ್ಲ. 5 ಯಾಕೆ 3ರ ನಂತರ ಬರಬೇಕು ಅನ್ನೋದು ಬರೆದವರ ತಲೆಯಲ್ಲೇ ಉಳಿಯುತ್ತೆ. ಮುಂದಿನ ವರ್ಷ ಆ ಪ್ರಾಜೆಕ್ಟ್ ಜೂನಿಯರ್‌ಗಳ ಕೈಗೆ ಹೋದಾಗ ನಂಬರ್ ಇರುತ್ತೆ, ಕಾರಣ ಇರಲ್ಲ. ಇನ್ನೊಂದು ಅಡ್ಡದಾರಿ ಥ್ರೆಡ್‌ಗೆ ಹತ್ತು ಸೆಕೆಂಡ್ ಸ್ಲೀಪ್ ಹಾಕೋದು. ಲ್ಯಾಪ್‌ಟಾಪ್‌ನಲ್ಲಿ ಹತ್ತು ಸೆಕೆಂಡ್ ಸಾಕಾದದ್ದು ನಿಧಾನದ ಲ್ಯಾಬ್ ಮಷೀನ್‌ನಲ್ಲಿ ಸಾಲದೇ ಹೋಗಬಹುದು.

ಅವಲಂಬನೆಯನ್ನೇ ಬರೆಯೋಣ

ಸರಿಯಾದ ದಾರಿ ಅಂದ್ರೆ ಪ್ರತಿ ಸರ್ವಿಸ್ ತನಗೆ ಯಾರು ಬೇಕು ಅಂತ ತಾನೇ ಹೇಳೋದು. ಕ್ರಮವನ್ನು ಕಂಟೇನರ್ ಲೆಕ್ಕ ಹಾಕಲಿ. ಒಂದು ಚಿಕ್ಕ ಲೈಬ್ರರಿ ಸರ್ವರ್ ತಗೊಳ್ಳೋಣ. ಆರು ಸರ್ವಿಸ್‌ಗಳು:

1. ಕಾನ್ಫಿಗ್: ಯಾರೂ ಬೇಡ.
2. ಲಾಗ್: ಕಾನ್ಫಿಗ್ ಬೇಕು.
3. ಡೇಟಾಬೇಸ್ ಪೂಲ್: ಕಾನ್ಫಿಗ್, ಲಾಗ್ ಬೇಕು.
4. ಮೇಲ್: ಕಾನ್ಫಿಗ್, ಲಾಗ್ ಬೇಕು.
5. ಕ್ಯಾಶ್: ಡೇಟಾಬೇಸ್ ಪೂಲ್ ಬೇಕು.
6. ಎಚ್‌ಟಿಟಿಪಿ: ಕ್ಯಾಶ್, ಮೇಲ್ ಬೇಕು.

ಇದು ನಾವು ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಓದಿದ ಡೈರೆಕ್ಟೆಡ್ ಗ್ರಾಫ್ ಅಷ್ಟೇ. ಕ್ರಮ ತೆಗೆಯೋದಕ್ಕೆ ಟೋಪೋಲಾಜಿಕಲ್ ಸಾರ್ಟ್, ಅದರಲ್ಲೂ ಆರ್ಥರ್ ಕಾನ್ 1962ರಲ್ಲಿ ಪ್ರಕಟಿಸಿದ ವಿಧಾನ ಸುಲಭ. ಪ್ರತಿ ಸರ್ವಿಸ್ ಎಷ್ಟು ಜನರಿಗಾಗಿ ಕಾಯ್ತಿದೆ ಅಂತ ಎಣಿಸಿ. ಸೊನ್ನೆ ಇರುವವರನ್ನು ಶುರು ಮಾಡಿ. ಅವರಿಗಾಗಿ ಕಾಯ್ತಿದ್ದವರ ಎಣಿಕೆಯಿಂದ ಒಂದೊಂದು ಕಳೆಯಿರಿ. ಮತ್ತೆ ಸೊನ್ನೆ ಆದವರನ್ನು ಹುಡುಕಿ.

ನಮ್ಮ ಲೆಕ್ಕದಲ್ಲಿ ಕಾನ್ಫಿಗ್ 0, ಲಾಗ್ 1, ಪೂಲ್ 2, ಮೇಲ್ 2, ಕ್ಯಾಶ್ 1, ಎಚ್‌ಟಿಟಿಪಿ 2. ಕಾನ್ಫಿಗ್ ಶುರುವಾದ ಕೂಡಲೇ ಲಾಗ್ 0 ಆಯ್ತು. ಪೂಲ್, ಮೇಲ್ ಎರಡೂ 1ಕ್ಕೆ ಇಳಿದವು. ಲಾಗ್ ಶುರುವಾದಾಗ ಪೂಲ್ ಮತ್ತು ಮೇಲ್ ಎರಡೂ 0. ಇವೆರಡಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ, ಹಾಗಾಗಿ ಒಟ್ಟಿಗೇ ಶುರು ಮಾಡಬಹುದು. ಈ ಸಂಗತಿ ನಂಬರ್ ಪದ್ಧತಿಯಲ್ಲಿ ಕಾಣ್ತಾನೇ ಇರಲಿಲ್ಲ. ಪೂಲ್ ಆದ ಮೇಲೆ ಕ್ಯಾಶ್, ಕ್ಯಾಶ್ ಮತ್ತು ಮೇಲ್ ಎರಡೂ ಆದ ಮೇಲೆ ಎಚ್‌ಟಿಟಿಪಿ. ನಿಲ್ಲಿಸುವಾಗ ಇದೇ ಪಟ್ಟಿ ಉಲ್ಟಾ: ಮೊದಲು ಎಚ್‌ಟಿಟಿಪಿ ಮುಚ್ಚಬೇಕು, ಹೊಸ ರಿಕ್ವೆಸ್ಟ್ ಬರೋದು ನಿಂತ ಮೇಲೆ ಮಾತ್ರ ಪೂಲ್ ಮುಚ್ಚಬೇಕು.

ಈಗ ಯಾರೋ ಒಬ್ಬರು "ಲಾಗ್ ಎಲ್ಲವನ್ನೂ ಡೇಟಾಬೇಸ್‌ಗೇ ಬರೆಯಲಿ" ಅಂದರು ಅಂದ್ಕೊಳ್ಳಿ. ಲಾಗ್‌ಗೆ ಪೂಲ್ ಬೇಕು, ಪೂಲ್‌ಗೆ ಲಾಗ್ ಬೇಕು. ಕಾನ್ಫಿಗ್ ಒಂದೇ ಶುರುವಾಗಿ ಉಳಿದ ಐದೂ ಕಾಯ್ತಾ ಕೂರುತ್ತವೆ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ. ಅವಲಂಬನೆ ಬರೆದಿಟ್ಟಿದ್ದರೆ ಈ ಸುತ್ತು ಶುರುವಿನಲ್ಲೇ ಸಿಕ್ಕಿಬೀಳುತ್ತೆ. ಶುರುವಾದವರ ಎಣಿಕೆ ಆರಕ್ಕಿಂತ ಕಮ್ಮಿ ಇದ್ದರೆ ಎಲ್ಲೋ ಸುತ್ತು ಇದೆ ಅಂತಲೇ ಅರ್ಥ.

ಜಾವಾ ಲೋಕದಲ್ಲಿ ಇದಕ್ಕೆ ಹಳೆಯ ಉದಾಹರಣೆ ಜೆಬಾಸ್ 4. ಅಲ್ಲಿ ಪ್ರತಿ ಸರ್ವಿಸ್‌ಗೆ ಕ್ರಿಯೇಟ್, ಸ್ಟಾರ್ಟ್, ಸ್ಟಾಪ್, ಡೆಸ್ಟ್ರಾಯ್ ಅಂತ ನಾಲ್ಕು ಹಂತ. ಎಕ್ಸ್‌ಎಂಎಲ್ ಫೈಲ್‌ನಲ್ಲಿ ಡಿಪೆಂಡ್ಸ್ ಅನ್ನೋ ಟ್ಯಾಗ್ ಹಾಕಿದರೆ, ಬೇಕಾದ ಸರ್ವಿಸ್ ಬರೋವರೆಗೂ ಇದು ಕಾಯುತ್ತೆ. ಯಾರು ಯಾರಿಗಾಗಿ ಕಾಯ್ತಿದ್ದಾರೆ ಅನ್ನೋ ಪಟ್ಟಿ ಲಾಗ್‌ನಲ್ಲಿ ಬರುತ್ತೆ. ಅದರ ವಂಶದ ವೈಲ್ಡ್‌ಫ್ಲೈ ಕೂಡ ಸಿಗದ ಅವಲಂಬನೆಗಳನ್ನು ಹೀಗೇ ಪಟ್ಟಿ ಮಾಡುತ್ತೆ. 2009ರ ಜಾವಾ ಇಇ 6ರಿಂದ ಸಿಂಗಲ್‌ಟನ್ ಬೀನ್‌ಗಳಿಗೆ ಸ್ಟಾರ್ಟಪ್ ಮತ್ತು ಡಿಪೆಂಡ್ಸ್‌ಆನ್ ಅನ್ನೋ ಅನೊಟೇಶನ್‌ಗಳಿವೆ. ಬರೀ ಸ್ಟಾರ್ಟಪ್ ಹಾಕಿ ಡಿಪೆಂಡ್ಸ್‌ಆನ್ ಬಿಟ್ಟರೆ ಕ್ರಮದ ಖಾತ್ರಿ ಇರಲ್ಲ, ನೆನಪಿರಲಿ.

ಶುರುವಾಯ್ತು ಬೇರೆ, ಸಿದ್ಧವಾಯ್ತು ಬೇರೆ

ಸ್ಟವ್ ಹಚ್ಚಿದ ಮಾತ್ರಕ್ಕೆ ಅನ್ನ ಆಗಲ್ಲ. ಸರ್ವಿಸ್‌ನ ಸ್ಟಾರ್ಟ್ ಮೆಥಡ್ ಒಳಗೆ ಹೊಸ ಥ್ರೆಡ್ ಹುಟ್ಟಿಸಿ ತಕ್ಷಣ ವಾಪಸ್ ಬಂದರೆ, ಕಂಟೇನರ್ "ಇದು ಮುಗೀತು" ಅಂದ್ಕೊಂಡು ಮುಂದಿನದನ್ನು ಶುರು ಮಾಡುತ್ತೆ. ಆದರೆ ಆ ಥ್ರೆಡ್ ಇನ್ನೂ ಡೇಟಾಬೇಸ್‌ನ ಬಾಗಿಲು ತಟ್ಟುತ್ತಿರಬಹುದು. ಡಾಕರ್ ಕಂಪೋಸ್‌ನಲ್ಲೂ ಹೀಗೇ: ಡಿಪೆಂಡ್ಸ್-ಆನ್ ಕೆಳಗೆ ಬರೀ ಹೆಸರು ಬರೆದರೆ ಆ ಕಂಟೇನರ್ ಶುರುವಾಗೋವರೆಗೆ ಮಾತ್ರ ಕಾಯುತ್ತೆ. ಒಳಗಿನ ಡೇಟಾಬೇಸ್ ಉತ್ತರ ಕೊಡೋವರೆಗೆ ಕಾಯಬೇಕಾದರೆ ಹೆಲ್ತ್‌ಚೆಕ್ ಬರೆದು, ಸರ್ವಿಸ್-ಹೆಲ್ದಿ ಅನ್ನೋ ಷರತ್ತು ಹಾಕಬೇಕು. ಹಾಗಾಗಿ ಸ್ಟಾರ್ಟ್ ಮೆಥಡ್ ವಾಪಸ್ ಬಂತು ಅಂದ್ರೆ "ನನ್ನನ್ನು ಬಳಸಬಹುದು" ಅಂತ ಅರ್ಥ ಇರಬೇಕು.

ಕ್ಲಾಸ್‌ಗಳು ಬರೋ ದಾರಿ

ಇಲ್ಲಿಗೆ ಎರಡನೇ ಪ್ರಶ್ನೆ. ಸರ್ವಿಸ್‌ಗಳ ಗ್ರಾಫ್ ಸರಿ ಇದ್ದರೂ ಅದರ ಕೆಳಗೆ ಇನ್ನೊಂದು ಗ್ರಾಫ್ ಇದೆ: ಕ್ಲಾಸ್‌ಗಳದ್ದು. ಜೆವಿಎಂ ಕ್ಲಾಸ್‌ಗಳನ್ನು ಎಲ್ಲಾ ಒಂದೇ ಸಲಕ್ಕೆ ಲೋಡ್ ಮಾಡಲ್ಲ, ಬೇಕಾದಾಗ ಮಾಡುತ್ತೆ. ಅಂದ್ರೆ ಒಂದು ಜಾರ್ ಕಾಣೆಯಾಗಿದ್ದರೂ ಸರ್ವರ್ "ಸ್ಟಾರ್ಟೆಡ್" ಅನ್ನಬಹುದು. ಮೊದಲ ರಿಕ್ವೆಸ್ಟ್ ಬಂದಾಗ ನೋಕ್ಲಾಸ್‌ಡೆಫ್‌ಫೌಂಡ್‌ಎರರ್ ಬಂದು ಬೀಳುತ್ತೆ. ಡೆಮೋ ದಿನ ಎಕ್ಸಾಮಿನರ್ ಬಟನ್ ಒತ್ತಿದಾಗಲೇ ಇದು ಬರೋದು.

ಇದೇ ಎರರ್ ಇನ್ನೊಂದು ಕಾರಣಕ್ಕೂ ಬರುತ್ತೆ. ಕ್ಲಾಸ್‌ನ ಸ್ಟ್ಯಾಟಿಕ್ ಬ್ಲಾಕ್ ಒಮ್ಮೆ ಸೋತರೆ ಮೊದಲ ಸಲ ಎಕ್ಸೆಪ್ಶನ್‌ಇನ್‌ಇನಿಶಿಯಲೈಸರ್‌ಎರರ್ ಕಾಣುತ್ತೆ, ಆಮೇಲೆ ಪ್ರತಿ ಸಲ ನೋಕ್ಲಾಸ್‌ಡೆಫ್‌ಫೌಂಡ್‌ಎರರ್. ಹಾಗಾಗಿ ಲಾಗ್‌ನ ಕೊನೆಯ ಸಾಲು ನೋಡಿ ಜಾರ್ ಹುಡುಕೋಕೆ ಹೋಗಬೇಡಿ, ಮೇಲಕ್ಕೆ ಹೋಗಿ ಮೊದಲ ಎರರ್ ಓದಿ.

ಕ್ಲಾಸ್ ಹುಡುಕುವ ಕೆಲಸ ಕ್ಲಾಸ್ ಲೋಡರ್‌ಗಳದ್ದು. ಸಾಮಾನ್ಯವಾಗಿ ಲೋಡರ್ ಮೊದಲು ತನ್ನ ಪೇರೆಂಟ್ ಲೋಡರನ್ನು ಕೇಳುತ್ತೆ, ಅಲ್ಲಿ ಸಿಗದಿದ್ದರೆ ತಾನು ಹುಡುಕುತ್ತೆ. ಟಾಮ್‌ಕ್ಯಾಟ್‌ನ ವೆಬ್ ಆ್ಯಪ್ ಲೋಡರ್ ಮಾತ್ರ, ಜಾವಾದ ಮೂಲ ಕ್ಲಾಸ್‌ಗಳನ್ನು ಬಿಟ್ಟು ಉಳಿದದ್ದನ್ನು ಮೊದಲು ಆ ಆ್ಯಪ್ ಒಳಗೇ ಹುಡುಕುತ್ತೆ. ಜೆವಿಎಂ ಲೆಕ್ಕದಲ್ಲಿ ಒಂದು ಕ್ಲಾಸ್‌ನ ಗುರುತು ಅಂದ್ರೆ ಹೆಸರು ಮತ್ತು ಅದನ್ನು ಲೋಡ್ ಮಾಡಿದ ಲೋಡರ್, ಎರಡೂ ಸೇರಿ. ಒಂದೇ ಜಾರ್ ಎರಡು ಲೋಡರ್‌ಗಳಿಂದ ಬಂದರೆ "ಬುಕ್ ಅನ್ನು ಬುಕ್ ಆಗಿ ಕಾಸ್ಟ್ ಮಾಡಲಾಗದು" ಅನ್ನೋ ವಿಚಿತ್ರ ಎಕ್ಸೆಪ್ಶನ್ ಬರೋದು ಇದಕ್ಕೇ.

ದೂರದಿಂದ ಬರುವ ಕ್ಲಾಸ್

ಜಾವಾ ಹುಟ್ಟಿದ ಕಾಲದ ದೊಡ್ಡ ಕನಸು, ಕೋಡ್ ನೆಟ್‌ವರ್ಕ್‌ನಲ್ಲಿ ಓಡಾಡಬೇಕು ಅನ್ನೋದು. ಆರ್‌ಎಂಐನಲ್ಲಿ ಒಂದು ಆಬ್ಜೆಕ್ಟ್ ಕಳಿಸಿದರೆ, ಅದರ ಕ್ಲಾಸ್ ಎಲ್ಲಿ ಸಿಗುತ್ತೆ ಅನ್ನೋ ವಿಳಾಸ, ಅಂದ್ರೆ ಕೋಡ್‌ಬೇಸ್, ಜೊತೆಗೇ ಹೋಗಬಹುದು. ಪಡೆದವರ ಹತ್ತಿರ ಆ ಕ್ಲಾಸ್ ಇಲ್ಲದಿದ್ದರೆ ಅಲ್ಲಿಂದ ಡೌನ್‌ಲೋಡ್ ಮಾಡಬಹುದು. ಜೆಬಾಸ್ 4ರಲ್ಲಿ ಇದಕ್ಕಂತಲೇ 8083ನೇ ಪೋರ್ಟ್‌ನಲ್ಲಿ ಒಂದು ಪುಟ್ಟ ಎಚ್‌ಟಿಟಿಪಿ ಸರ್ವಿಸ್ ಇತ್ತು.

ಗಮನಿಸಿ, ಕ್ಲಾಸ್ ಹಂಚುವುದೂ ಇಲ್ಲಿ ಒಂದು ಸರ್ವಿಸ್. ಹಾಗಾದರೆ ಅದೂ ಗ್ರಾಫ್‌ನಲ್ಲಿ ಇರಬೇಕು. ನಮ್ಮ ಲೈಬ್ರರಿ ಸರ್ವರ್‌ನಲ್ಲಿ ಕ್ಯಾಶ್‌ನ ಕ್ಲಾಸ್‌ಗಳು ನಮ್ಮದೇ ಎಚ್‌ಟಿಟಿಪಿ ಸರ್ವಿಸ್‌ನಿಂದ ಬರಬೇಕು ಅಂತ ಇಟ್ಟರೆ? ಎಚ್‌ಟಿಟಿಪಿಗೆ ಕ್ಯಾಶ್ ಬೇಕು, ಕ್ಯಾಶ್‌ಗೆ ಎಚ್‌ಟಿಟಿಪಿ ಬೇಕು. ಮತ್ತೆ ಅದೇ ಸುತ್ತು. ಈ ಸಲ ಅದು ಯಾವ ಡಿಪೆಂಡ್ಸ್ ಟ್ಯಾಗ್‌ನಲ್ಲೂ ಕಾಣಲ್ಲ, ಕ್ಲಾಸ್‌ನ ವಿಳಾಸದೊಳಗೆ ಅಡಗಿರುತ್ತೆ. ಬೇರೆ ಮಷೀನ್‌ನಿಂದ ತಂದರೆ ಸುತ್ತು ತಪ್ಪುತ್ತೆ, ಆದರೆ ಆ ಮಷೀನ್ ಮಲಗಿದ ದಿನ ನಮ್ಮ ಸರ್ವರ್ ಕೂಡ ಮಲಗುತ್ತೆ.

2021ರ ಡಿಸೆಂಬರ್

ಬರೆಯದೆ ಬಿಟ್ಟ ಅವಲಂಬನೆ ಎಷ್ಟು ದುಬಾರಿ ಅನ್ನೋದಕ್ಕೆ ಲಾಗ್4ಶೆಲ್ ಸಾಕು. ಲಾಗ್4ಜೆ 2.14.1ರವರೆಗಿನ 2ನೇ ಸರಣಿಯ ಆವೃತ್ತಿಗಳು ಲಾಗ್‌ಗೆ ಬರೆಯುವ ಸಾಲಿನಲ್ಲಿ ಜೆಎನ್‌ಡಿಐ ವಿಳಾಸ ಕಂಡರೆ, ಅದನ್ನು ಹಿಡಿದು ಹೊರಗೆ ಹುಡುಕಲು ಹೋಗುತ್ತಿದ್ದವು. ದಾಳಿ ಮಾಡುವವರು ಯೂಸರ್ ನೇಮ್ ಜಾಗದಲ್ಲಿ ತಮ್ಮ ಸರ್ವರ್‌ನ ವಿಳಾಸ ಟೈಪ್ ಮಾಡಿದರೆ ಸಾಕಿತ್ತು. ಅಲ್ಲಿಂದ ಬಂದ ಕ್ಲಾಸ್ ನಮ್ಮ ಜೆವಿಎಂ ಒಳಗೆ ಓಡಬಹುದಿತ್ತು. ತೀವ್ರತೆಗೆ 10ಕ್ಕೆ 10 ಅಂಕ ಕೊಟ್ಟರು. ಲಾಗ್ ಬರೆಯೋ ಲೈಬ್ರರಿಗೆ ನೆಟ್‌ವರ್ಕ್ ಮತ್ತು ಹೊರಗಿನ ಕೋಡ್ ಬೇಕು ಅಂತ ಯಾರ ಗ್ರಾಫ್‌ನಲ್ಲಿ ಬರೆದಿತ್ತು?

ಜಾವಾ ಈ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತಲೇ ಬಂದಿದೆ. 2013ರ 7ಯು21ರಿಂದ, ಎದುರಿನವರು ಕಳಿಸಿದ ಕೋಡ್‌ಬೇಸ್ ವಿಳಾಸವನ್ನು ಆರ್‌ಎಂಐ ತಾನಾಗಿ ನಂಬುವುದಿಲ್ಲ. 8ಯು191ರಿಂದ ಎಲ್‌ಡ್ಯಾಪ್ ಮೂಲಕ ದೂರದ ಕ್ಲಾಸ್ ತರುವುದು ಡಿಫಾಲ್ಟ್ ಆಗಿ ಬಂದ್. ಆದರೂ ಕ್ಲಾಸ್‌ಪಾತ್‌ನಲ್ಲಿ ಈಗಾಗಲೇ ಇರುವ ಕ್ಲಾಸ್‌ಗಳನ್ನೇ ಬಳಸಿ ದಾಳಿ ಮಾಡುವ ದಾರಿಗಳು ಉಳಿದಿದ್ದವು. ಆದ್ದರಿಂದ ಹೊಸ ಜಾವಾ ಇದ್ದರೂ ಲೈಬ್ರರಿಯನ್ನು ಅಪ್‌ಡೇಟ್ ಮಾಡಲೇಬೇಕಿತ್ತು. ಆರ್‌ಎಂಐ ಡೌನ್‌ಲೋಡ್‌ಗೆ ಸೆಕ್ಯುರಿಟಿ ಮ್ಯಾನೇಜರ್ ಇರಲೇಬೇಕಿತ್ತು. ಜಾವಾ 24ರಲ್ಲಿ ಸೆಕ್ಯುರಿಟಿ ಮ್ಯಾನೇಜರನ್ನೇ ಶಾಶ್ವತವಾಗಿ ನಿಷ್ಕ್ರಿಯಗೊಳಿಸಿದ ಮೇಲೆ ಆ ದಾರಿಯೂ ಮುಗಿದಂತೆ.

ನಮ್ಮ ಪ್ರಾಜೆಕ್ಟ್‌ಗೆ ಏನು ತಗೊಳ್ಳೋಣ?

- ಒಂದು ಹಾಳೆಯಲ್ಲಿ ಸರ್ವಿಸ್‌ಗಳ ಹೆಸರು ಬರೆದು, ಬೇಕಾದವರ ಕಡೆಗೆ ಬಾಣ ಎಳೆಯಿರಿ. ಕೈಯಲ್ಲೇ ಕಾನ್ ವಿಧಾನ ಓಡಿಸಿ. ಸುತ್ತು ಇದ್ದರೆ ಕೋಡ್ ಬರೆಯೋ ಮೊದಲೇ ಸಿಗುತ್ತೆ.
- ಸ್ಲೀಪ್ ಹಾಕಿರುವ ಪ್ರತಿ ಸಾಲಿನಲ್ಲಿ "ಯಾರಿಗಾಗಿ ಕಾಯ್ತಿದ್ದೀವಿ?" ಅಂತ ಕೇಳಿ. ಉತ್ತರವನ್ನು ಅವಲಂಬನೆಯಾಗಿ ಬರೆಯಿರಿ.
- ಡೇಟಾಬೇಸ್ ಆಫ್ ಮಾಡಿ ಸರ್ವರ್ ಶುರು ಮಾಡಿ ನೋಡಿ. ಅದು ಸ್ಪಷ್ಟವಾಗಿ "ಪೂಲ್ ಸಿಗಲಿಲ್ಲ" ಅಂದು ನಿಲ್ಲಬೇಕು, ಸುಮ್ಮನೆ "ಸ್ಟಾರ್ಟೆಡ್" ಅನ್ನಬಾರದು.
- ಓಡುವಾಗ ಹೊರಗಿನಿಂದ ಕ್ಲಾಸ್ ತರಬೇಡಿ. ಬೇಕಾದ ಜಾರ್‌ಗಳನ್ನು ಮೇವನ್ ಅಥವಾ ಗ್ರೇಡಲ್‌ನಲ್ಲಿ ನಿಖರ ಆವೃತ್ತಿ ಸಮೇತ ಬರೆದು, ಬಿಲ್ಡ್ ಮಾಡುವಾಗಲೇ ಒಟ್ಟುಗೂಡಿಸಿ.
- ಮೇವನ್‌ನ ಡಿಪೆಂಡೆನ್ಸಿ ಟ್ರೀ ಒಮ್ಮೆ ತೆಗೆದು ಓದಿ. ನಾವು ಕೇಳದೇ ಒಳಗೆ ಬಂದಿರುವ ಜಾರ್‌ಗಳು ಅಲ್ಲಿ ಕಾಣುತ್ತವೆ.

ಮೊದಲ ಹಾಳೆಗೆ ಅರ್ಧ ಗಂಟೆ ಸಾಕು. ಟೀಮ್‌ನಲ್ಲಿ ನಾಲ್ಕು ಜನ ಇದ್ದರೆ ನಾಲ್ವರೂ ಬೇರೆ ಬೇರೆಯಾಗಿ ಆ ಗ್ರಾಫ್ ಬರೆದು ಹೋಲಿಸಿ ನೋಡಿ. ಎಲ್ಲಿ ಬಾಣಗಳು ಹೊಂದುವುದಿಲ್ಲವೋ, ಮುಂದಿನ ಬಗ್ ಹುಡುಕೋದನ್ನು ಅಲ್ಲಿಂದ ಶುರು ಮಾಡಿ.