ಕಾಫಿ ಯಾವಾಗ ನಿಂತಿತು ಎಂದು ಕೇಳಿ

ಗಲಭೆ ಕಂಡ ಊರುಗಳಿಗೆ ಫೀಲ್ಡ್‌ವರ್ಕ್‌ಗೆ ಹೊರಟಿದ್ದೀರಿ ಮಕ್ಕಳೇ, ಪ್ರಶ್ನಾವಳಿಯನ್ನು ಬ್ಯಾಗಿಗೆ ತುರುಕುವ ಮುಂಚೆ ಈ ಮುದುಕ ಮೇಷ್ಟ್ರ ಮಾತಿಗೆ ಸ್ವಲ್ಪ ಕಿವಿಗೊಡಿ. ಬಸ್ಸಿಳಿದು ಚಹಾ ಕುಡಿಯುವಷ್ಟರಲ್ಲಿ ಯಾರಾದರೂ ನಿಮ್ಮ ಪ್ರಬಂಧವನ್ನೇ ಮುಗಿಸಿಕೊಡುತ್ತಾರೆ: "ಅವರಿಗೂ ಇವರಿಗೂ ಮೊದಲಿಂದಲೂ ಆಗಿಬರೋದಿಲ್ಲ ಬಿಡಿ." ಸಂಜೆಗೆ ಇನ್ನೊಬ್ಬರು ಸಿಕ್ಕಿ, "ಅಯ್ಯೋ, ಅಣ್ಣತಮ್ಮಂದಿರ ಹಾಗಿದ್ದೆವು" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಎರಡನ್ನೂ ಬರೆದುಕೊಳ್ಳಿ. ಎರಡನ್ನೂ ನಂಬಲು ಅವಸರ ಮಾಡಬೇಡಿ.

1992ರಲ್ಲಿ ಬೋಸ್ನಿಯಾದಲ್ಲಿ ಯುದ್ಧ ಶುರುವಾದಾಗ ಹೊರಗಿನ ಪತ್ರಕರ್ತರು, ರಾಜತಂತ್ರಜ್ಞರು ಅನೇಕರು ಮೊದಲನೆಯ ಉತ್ತರಕ್ಕೇ ಜೋತುಬಿದ್ದರು: ಶತಮಾನಗಳ ಹಗೆ, ಯಾರೇನು ಮಾಡಲಾದೀತು? ಕೈಕಟ್ಟಿ ಕೂರುವವರಿಗೆ ಇದರಷ್ಟು ಅನುಕೂಲದ ಸಿದ್ಧಾಂತ ಬೇರಿಲ್ಲ. ಆದರೆ ನಾರ್ವೆಯ ಮಾನವಶಾಸ್ತ್ರಜ್ಞೆ ಟೋನೆ ಬ್ರಿಂಗಾ ಯುದ್ಧಕ್ಕೆ ಮುಂಚೆಯೇ, 80ರ ದಶಕದ ಕೊನೆಯಲ್ಲಿ, ಮಧ್ಯ ಬೋಸ್ನಿಯಾದ ಒಂದು ಹಳ್ಳಿಯಲ್ಲಿ ವಾಸವಿದ್ದು ಅಧ್ಯಯನ ಮಾಡಿದ್ದರು. ಪುಸ್ತಕದಲ್ಲಿ ಆ ಹಳ್ಳಿಗೆ ಅವರಿಟ್ಟ ಹೆಸರು ದೊಲಿನಾ. ಮುಸ್ಲಿಮರು, ಕ್ಯಾಥೊಲಿಕ್ ಕ್ರೊವಾಟರು ಅಕ್ಕಪಕ್ಕ ಬಾಳುತ್ತಿದ್ದ ಊರು. ಹೆಂಗಸರು ಒಬ್ಬರ ಮನೆಗೊಬ್ಬರು ಕಾಫಿಗೆ ಹೋಗುತ್ತಿದ್ದರು, ಗಂಡಸರು ಮನೆ ಕಟ್ಟುವಾಗ ಪರಸ್ಪರ ಕೈಜೋಡಿಸುತ್ತಿದ್ದರು. ಹೆಣ್ಣು ಕೊಟ್ಟು ತರುವುದು ಮಾತ್ರ ಅಪರೂಪ. ನಮ್ಮವರು, ಅವರು ಎಂಬ ಗೆರೆ ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಗೆರೆ ಇದ್ದೂ ಕಾಫಿ ನಡೆಯುತ್ತಿತ್ತು, ಅದನ್ನು ಗಮನಿಸಿ. ಭೇದವೇ ಇಲ್ಲದ ಊರನ್ನು ಹುಡುಕಿಕೊಂಡು ಹೋದವರಿಗೆ ಇಂಥದ್ದು ಕಣ್ಣಿಗೇ ಬೀಳುವುದಿಲ್ಲ.

1993ರಲ್ಲಿ ಬ್ರಿಂಗಾ ಬ್ರಿಟನ್ನಿನ ಗ್ರಾನಡಾ ಟೆಲಿವಿಷನ್ ತಂಡದ ಜೊತೆ ಅದೇ ಊರಿಗೆ ಹೋದರು. ಆಗ ತಯಾರಾದ 'ವಿ ಆರ್ ಆಲ್ ನೇಬರ್ಸ್' ಎಂಬ ಸಾಕ್ಷ್ಯಚಿತ್ರವನ್ನು ಹುಡುಕಿ ನೋಡಿ, ನನ್ನ ಹತ್ತು ತರಗತಿಗಿಂತ ಅದು ಮೇಲು. ಮೊದಮೊದಲು ಒಬ್ಬ ಮುಸ್ಲಿಂ ಹೆಂಗಸು, ಒಬ್ಬ ಕ್ರೊವಾಟ್ ಹೆಂಗಸು, ಹಳೆಯ ಗೆಳತಿಯರು, ನಮ್ಮಿಬ್ಬರ ನಡುವೆ ಏನೂ ಬರದು ಎಂಬ ಭರವಸೆಯಲ್ಲೇ ಇರುತ್ತಾರೆ. ದೂರದ ಗುಂಡಿನ ಸದ್ದು ಹತ್ತಿರವಾಗುತ್ತದೆ. ಕೆಲವೇ ವಾರಗಳಲ್ಲಿ ಹೋಗಿಬರುವುದು ನಿಲ್ಲುತ್ತದೆ, ಮಾತಿನ ಧಾಟಿ ಬದಲಾಗುತ್ತದೆ. ಏಪ್ರಿಲ್‌ನಲ್ಲಿ ಕ್ರೊವಾಟ್ ಪಡೆ ನುಗ್ಗಿ ಮುಸ್ಲಿಮರ ಮನೆಗಳನ್ನು ಹಾಳುಗೆಡವಿ, ಜನರನ್ನು ಕೊಂದು, ಓಡಿಸಿತು.

ಶತಮಾನಗಳ ಹಗೆ ವಾರಗಳಲ್ಲಿ ಹುಟ್ಟುತ್ತದೆಯೇ? ಹಿಂದಕ್ಕೆ ಹೋಗಿ ನೋಡಿ. ಬೋಸ್ನಿಯಾ ಆಗ ಸೇರಿದ್ದ ಯುಗೊಸ್ಲಾವಿಯವನ್ನು ಆಳುತ್ತಿದ್ದ ಟಿಟೊ ತೀರಿಕೊಂಡದ್ದು 1980ರಲ್ಲಿ. ಆಮೇಲೆ ಆ ದೇಶಕ್ಕೆ ಸಾಲ, ನಿರುದ್ಯೋಗ, ಹಣದುಬ್ಬರ. 1990ರ ಚುನಾವಣೆಯಲ್ಲಿ ಬೋಸ್ನಿಯಾದಲ್ಲಿ ಗೆದ್ದದ್ದು ಜನಾಂಗಕ್ಕೊಂದರಂತಿದ್ದ ಪಕ್ಷಗಳು. ಬಳಿಕ ಬಂದೂಕು, ಸೈನ್ಯ, ರಸ್ತೆಗೆ ತಡೆ. ಕಾಫಿ ಕುಡಿಯುತ್ತಿದ್ದ ಮನೆಗಳ ಜಗಲಿಗೆ ಇವೆಲ್ಲ ಹೊರಗಿಂದ ಬಂದು ಸೇರಿದವು. ಒಳಗಿದ್ದ ಗೆರೆಯನ್ನು ಹಿಡಿದುಕೊಂಡೇ ಬಂದವು ಎನ್ನುವುದನ್ನೂ ಮುಚ್ಚಿಡಬೇಡಿ.

ಆದ್ದರಿಂದ "ಯಾಕೆ ಹೀಗಾಯಿತು" ಎಂದು ಕೇಳುವುದನ್ನು ಸ್ವಲ್ಪ ತಡೆದಿಟ್ಟುಕೊಳ್ಳಿ. ಆ ಪ್ರಶ್ನೆಗೆ ಜನ ಭಾಷಣ ಕೊಡುತ್ತಾರೆ. "ಅವರ ಮನೆಗೆ ಕೊನೆಯ ಸಲ ಹೋದದ್ದು ಯಾವಾಗ? ಆವತ್ತು ಮೊದಲು ಬೇಡ ಎಂದವರು ಯಾರು? ಅಂಗಡಿಯ ಸಾಲ ಯಾವ ತಿಂಗಳು ನಿಂತಿತು?" ಎಂದು ಕೇಳಿ ನೋಡಿ. ಆಗ ತಾರೀಖು ಬರುತ್ತದೆ, ಹೆಸರು ಬರುತ್ತದೆ, ಯಾರೋ ತಂದ ಸುದ್ದಿ ಬರುತ್ತದೆ.

ಇನ್ನು ರಾಜಿಯ ವಿಷಯ. 1995ರ ಡೇಟನ್ ಒಪ್ಪಂದ ಯುದ್ಧ ನಿಲ್ಲಿಸಿತು. ಅಷ್ಟರಲ್ಲಿ ಸುಮಾರು 1 ಲಕ್ಷ ಜನ ಸತ್ತಿದ್ದರು, 20 ಲಕ್ಷಕ್ಕೂ ಮೇಲ್ಪಟ್ಟು ಮನೆ ಬಿಟ್ಟಿದ್ದರು. ಮನೆಗೆ ಮರಳುವ ಹಕ್ಕು ಒಪ್ಪಂದದಲ್ಲೇ ಇತ್ತು. 2004ರ ಹೊತ್ತಿಗೆ 10 ಲಕ್ಷ ಜನ ಮರಳಿದ್ದರು. ಮರಳಿದವರು ತಬ್ಬಿಕೊಂಡು ಅತ್ತರೇ? ಡೆನ್ಮಾರ್ಕಿನ ಮಾನವಶಾಸ್ತ್ರಜ್ಞ ಆಂಡರ್ಸ್ ಸ್ಟೆಫಾನ್ಸನ್ ಬಾನ್ಯಾ ಲೂಕಾ ಪಟ್ಟಣದಲ್ಲಿ ಕಂಡದ್ದು ಬೇರೆ. ಯುದ್ಧದ ಮಾತನ್ನೇ ಎತ್ತದೆ, ರಾಜಕೀಯ ಬಂದರೆ ಬಾಯಿ ಮುಚ್ಚಿಕೊಂಡು, ಜನ ಮತ್ತೆ ನೆರೆಹೊರೆಯಾಗುತ್ತಿದ್ದರು. ಸಮ್ಮೇಳನ ನಡೆಸುವ ಸಂಸ್ಥೆಗಳಿಗೆ ಈ ಮೌನ ರುಚಿಸುವುದಿಲ್ಲ, ಸತ್ಯ ಹೊರಬರಬೇಕು ಎನ್ನುತ್ತವೆ. ನ್ಯಾಯಾಲಯದಲ್ಲಿ ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎದುರು ಮನೆಯವನ ಜೊತೆ ಬೇಲಿಯ ಬಳಿ ನಿಂತವನಿಗೆ ನೀವು ಮೈಕು ಹಿಡಿದು ಬಾಯಿ ಬಿಡಿಸಬೇಡಿ. ಆ ಮೌನವನ್ನು ಅವನು ಎಷ್ಟು ಕಷ್ಟಪಟ್ಟು ಕಟ್ಟಿಕೊಂಡಿದ್ದಾನೋ ನಿಮಗೇನು ಗೊತ್ತು?

ಬೋಸ್ನಿಯಾದ್ದೇ ಮೋಸ್ಟಾರ್ ಪಟ್ಟಣದ ಹಳೆಯ ಪ್ರೌಢಶಾಲೆಯ ಕಥೆ ನನಗೆ ಬಹಳ ಇಷ್ಟ. ಬೋಸ್ನಿಯಾದವರೇ ಆದ ಮಾನವಶಾಸ್ತ್ರಜ್ಞೆ ಅಜ್ರಾ ಹ್ರೊಮಾಜಿಚ್ ಅಲ್ಲಿ ಕೂತು ನೋಡಿ ಬರೆದದ್ದು. 2004ರಲ್ಲಿ ಕ್ರೊವಾಟ್, ಬೋಸ್ನಿಯಾಕ್ (ಎಂದರೆ ಬೋಸ್ನಿಯಾದ ಮುಸ್ಲಿಂ) ಮಕ್ಕಳನ್ನು ಒಂದೇ ಕಟ್ಟಡಕ್ಕೆ ತಂದರು. ಪಠ್ಯಕ್ರಮ ಎರಡು, ತರಗತಿಗಳು ಬೇರೆ ಬೇರೆ. ಹೊರದೇಶಗಳವರು ಇದನ್ನೇ ಏಕೀಕರಣ ಎಂದು ಮೆರೆಸಿದರು. ಮಕ್ಕಳು ನಿಜವಾಗಿ ಬೆರೆಯುತ್ತಿದ್ದದ್ದು ಎಲ್ಲಿ ಗೊತ್ತೇ? ಶೌಚಾಲಯದಲ್ಲಿ, ಕದ್ದು ಸಿಗರೇಟು ಸೇದುತ್ತಾ, ಹರಟುತ್ತಾ, ಹುಡುಗಹುಡುಗಿಯರು ಕಣ್ಣುಮಿಟುಕಿಸುತ್ತಾ. ಯಾವ ಯೋಜನಾ ವರದಿಯಲ್ಲಿ ಇದಕ್ಕೊಂದು ಕಾಲಂ ಇದ್ದೀತು? ಸಿಗರೇಟು ಸೇದಿ ಎನ್ನುತ್ತಿಲ್ಲ. ಪ್ರಾಂಶುಪಾಲರ ಕೊಠಡಿಯಿಂದ ಬೇಗ ಎದ್ದು ಬನ್ನಿ, ಅಷ್ಟೇ.

ಕೊನೆಯದಾಗಿ, ನಿಮ್ಮ ನೋಟ್‌ಬುಕ್ಕು. ಬ್ರಿಂಗಾ ಪುಸ್ತಕದಲ್ಲಿ ಊರಿನ ಹೆಸರು ಬದಲಿಸಿದ ಹಾಗೆ ನೀವೂ ಬದಲಿಸಿ, ಆದರೆ ಈಗ ಅಷ್ಟು ಸಾಲದು. ಫೋನಿನಲ್ಲಿ ಲೊಕೇಶನ್ ಆಫ್ ಮಾಡಿ, ರೆಕಾರ್ಡಿಂಗನ್ನು ವಾಟ್ಸಾಪ್‌ನಲ್ಲಿ ಯಾರಿಗೂ ಕಳಿಸಬೇಡಿ, ಗೈಡ್‌ಗೂ ಸಹ. ಇನ್ನು "ಪಕ್ಕದ ಮನೆಯವರು ನಿಮ್ಮ ಬಗ್ಗೆ ಹೀಗೆಂದರು" ಎಂದು ಈ ಮನೆಯಲ್ಲಿ ಬಾಯಿಬಿಟ್ಟ ದಿನವೇ ಗಂಟುಮೂಟೆ ಕಟ್ಟಿ ವಾಪಸ್ ಬನ್ನಿ. ಆ ಊರಿನಲ್ಲಿ ನಿಮಗೆ ಇನ್ನು ಕೆಲಸವಿಲ್ಲ.