ಒಂದು ಚಿಪ್, ಒಂದು ಕುರ್ಚಿ
ವಾಕ್ಯಭಾಗ: ಲೂಕ 15:11-24



ಪೋಕರ್ ಆಡೋರಲ್ಲಿ ಒಂದು ಮಾತಿದೆ: ಒಂದು ಚಿಪ್, ಒಂದು ಕುರ್ಚಿ ಇದ್ದರೆ ಸಾಕು. ಇದಕ್ಕೆ ಜ್ಯಾಕ್ ಸ್ಟ್ರಾಸ್ ಕಥೆ ಹೇಳ್ತಾರೆ. 1982ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ ಎಲ್ಲಾ ಸೋತೆ ಅಂತ ಏಳೋವಾಗ, ನ್ಯಾಪ್ಕಿನ್ ಕೆಳಗೆ 500ರ ಒಂದೇ ಚಿಪ್ ಸಿಕ್ಕಿತಂತೆ. ಮತ್ತೆ ಕೂತು ಆಡಿ ಚಾಂಪಿಯನ್ ಆದರು.

ಕೇಳೋಕೆ ಸಾಕ್ಷಿ ಥರಾನೇ ಇದೆ, ಅಲ್ವಾ? ಸ್ವಲ್ಪ ನಿಲ್ಲಿ. ಆ ಟೂರ್ನಮೆಂಟಿನಲ್ಲಿ ಚಿಪ್ ಮುಗಿದರೆ ಆಟವೂ ಮುಗೀತು. ರಾತ್ರಿ ಎರಡು ಗಂಟೆಗೆ ಮೊಬೈಲ್ ಹಿಡಿದು ಕೂತವನಿಗೆ ಆ ಕೊನೆ ಇಲ್ಲ. ಚಿಪ್ ಮುಗಿದರೆ ಸಾಲ ಶುರು.

ರಕ್ಷಣೆ ಹೊಂದೋ ಮುಂಚೆ ನಾನೂ ದುಡ್ಡು ಕಟ್ಟಿ ಇಸ್ಪೀಟ್ ಆಡಿದವನು. "ಇನ್ನೊಂದೇ ಆಟ" ಅಂತ ಅಮ್ಮನ ಓಲೆ ಅಡ ಇಟ್ಟೆ. ಅಮ್ಮನಿಗೆ ಅದನ್ನ ಹೇಳೋಕೆ ಏಳು ತಿಂಗಳು ಹಿಡೀತು.

ತಪ್ಪಿಹೋದ ಮಗನನ್ನು ನೋಡಿ. ಅವನ ಹತ್ರ ಒಂದು ಚಿಪ್ಪೂ ಉಳಿದಿರಲಿಲ್ಲ. ಕಳೆದದ್ದನ್ನ ಗೆದ್ದುಕೊಂಡೇ ಹೋಗ್ತೀನಿ ಅಂತ ಅವನು ದೂರದೇಶದಲ್ಲೇ ಕೂರಲಿಲ್ಲ. ಎದ್ದ. ಬರಿಗೈಯಲ್ಲೇ ಮನೆ ಕಡೆ ನಡೆದ. ತಂದೆ ಲೆಕ್ಕ ಕೇಳಲಿಲ್ಲ. ದೂರದಿಂದಲೇ ಕಂಡು, ಓಡಿ ಬಂದು ಅಪ್ಪಿಕೊಂಡ. ಹಲ್ಲೆಲೂಯಾ!

ಚಿಪ್ ಇದ್ದರೆ ಕುರ್ಚಿ ಬಿಡಬೇಡ ಅನ್ನುತ್ತೆ ಪೋಕರ್. ಏನೂ ಇಲ್ಲದಿದ್ದರೂ ಎದ್ದು ಬಾ ಅನ್ನುತ್ತೆ ಸುವಾರ್ತೆ.

ಈ ಸಾಲದಲ್ಲಿ ಸಿಕ್ಕಿಕೊಂಡವರು ಇವತ್ತೇ ಆ್ಯಪ್ ತೆಗೆದುಹಾಕಿ, ಮನೆಯಲ್ಲಿ ಒಬ್ಬರಿಗಾದರೂ ನಿಜ ಹೇಳಿ. ಹೇಳೋಕೆ ಭಯವಾದರೆ ಆರಾಧನೆ ಮುಗಿದ ಮೇಲೆ ನನ್ನ ಹತ್ರ ಬನ್ನಿ, ಜೊತೆಗೇ ಹೋಗೋಣ.

ಪ್ರಾರ್ಥಿಸೋಣ. ಆಮೆನ್.